ಮೂರು ಸಲ ತೊಳೆದ ಮದ್ದಿನ ಕ್ಯಾನು ಎಲ್ಲಿಗೆ ಹೋಗಬೇಕು?

ಪ್ರಶ್ನೆ: ನಮ್ಮದು ಕೊಡಗಿನ ಮಾದಾಪುರದ ಹತ್ತಿರ ಸಣ್ಣ ಅರೇಬಿಕಾ ಕಾಫಿ ತೋಟ. ಕಾಂಡಕೊರಕ ಹುಳಕ್ಕೆ ಹೊಡೆದ ಔಷಧಿಯ ಖಾಲಿ ಕ್ಯಾನುಗಳು ಶೆಡ್ಡಿನಲ್ಲಿ ತುಂಬಿಕೊಂಡಿವೆ. ಎಲ್ಲವನ್ನೂ ಮೂರು ಸಲ ಚೆನ್ನಾಗಿ ತೊಳೆದಿದ್ದೇವೆ. ಲೈನ್ ಮನೆಯವರು (ತೋಟದಲ್ಲೇ ಇರುವ ಕೆಲಸಗಾರರು) ನೀರು ತುಂಬಿಡಲು ಕೇಳುತ್ತಿದ್ದಾರೆ. ಕೊಡಬಹುದಾ? ಇಲ್ಲದಿದ್ದರೆ ಗುಜರಿಗೆ ಹಾಕಬಹುದಾ?

ಉತ್ತರ: ಕೊಡಬಾರದು. ಗುಜರಿಗೂ ಹಾಕಬಾರದು.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಮದ್ದು ಹೊಡೆಯುವ ಕಾಲ ಬಂದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ. ನಾನೂ ಇದೇ ಉತ್ತರ ಕೊಡುತ್ತೇನೆ. ವಾರ ಕಳೆಯುವುದರೊಳಗೆ ‘ಅದು ಸರಿ ಸಾರ್, ಆದ್ರೆ ನಾವು ತೊಳೆದಿದ್ದೇವಲ್ಲ?’ ಎಂದು ಇನ್ನೊಬ್ಬರು ಬರೆಯುತ್ತಾರೆ. ಹಾಗಾಗಿ ಈ ಸಲ ಆ ‘ತೊಳೆದಿದ್ದೇವಲ್ಲ’ವನ್ನೇ ಹಿಡಿದು ಕೂರೋಣ.

ಮೊದಲು ನಿಮ್ಮ ಪರವಾಗಿಯೇ ಮಾತಾಡುತ್ತೇನೆ. ಮೂರು ಸಲ ತೊಳೆಯುವುದು ಸುಮ್ನೆ ಹುಟ್ಟಿದ ಮಾತಲ್ಲ. ಅದರ ಹಿಂದೆ ಒಳ್ಳೆಯ ಲೆಕ್ಕವಿದೆ. ಪೆನ್ನು ತಗೊಳ್ಳಿ. ಕ್ಲೋರ್‌ಪೈರಿಫಾಸ್ 20 ಇ.ಸಿ. ಎಂಬ ಕೀಟನಾಶಕದ (ನೂರರಲ್ಲಿ 20 ಪಾಲು ವಿಷ) ಒಂದು ಲೀಟರಿನ ಕ್ಯಾನ್ ಎಂದಿಟ್ಟುಕೊಳ್ಳಿ. ಪೂರ್ತಿ ಬಗ್ಗಿಸಿದ ಮೇಲೂ ಗೋಡೆಗೆ, ಹಿಡಿಯ ಸಂದಿಗೆ ಅಂಟಿಕೊಂಡು 10 ಮಿಲಿ ಉಳಿಯಿತು ಎನ್ನೋಣ. ಅದರಲ್ಲಿ ವಿಷದ ಅಂಶ ಸುಮಾರು 2 ಗ್ರಾಂ. 240 ಮಿಲಿ ನೀರು ಹಾಕಿ ಕುಲುಕಿ ಚೆಲ್ಲಿದಿರಿ, ಮತ್ತೆ 10 ಮಿಲಿ ಉಳಿಯಿತು. ಅಂದರೆ ಇಪ್ಪತ್ತೈದರಲ್ಲಿ ಒಂದು ಪಾಲು, 80 ಮಿಲಿಗ್ರಾಂ. ಎರಡನೇ ಸಲಕ್ಕೆ 3.2 ಮಿಲಿಗ್ರಾಂ. ಮೂರನೇ ಸಲಕ್ಕೆ 0.13 ಮಿಲಿಗ್ರಾಂ. ಒಂದೇ ಸಲ ಮುಕ್ಕಾಲು ಲೀಟರ್ ನೀರು ಹಾಕಿ ತೊಳೆದಿದ್ದರೆ 26 ಮಿಲಿಗ್ರಾಂ ಉಳಿಯುತ್ತಿತ್ತು. ನೀರು ಹೆಚ್ಚುಕಡಿಮೆ ಅಷ್ಟೇ, ಫಲ ಇನ್ನೂರು ಪಟ್ಟು ಜಾಸ್ತಿ. ಚೆಂದದ ಲೆಕ್ಕ, ಅಲ್ವಾ? ಶಾಲೆಯಲ್ಲಿ ಭಿನ್ನರಾಶಿಯನ್ನು ಹೀಗೆ ಹೇಳಿಕೊಟ್ಟಿದ್ದರೆ ಯಾರೂ ಮರೆಯುತ್ತಿರಲಿಲ್ಲ.

ಆದರೆ ಈ ಲೆಕ್ಕ ಕ್ಯಾನಿನ ಒಳಗೆ ಹರಿದಾಡುವ ದ್ರವಕ್ಕೆ ಮಾತ್ರ. ಗೋಡೆಯ ಒಳಗೆ ಹೋಗಿ ಕೂತದ್ದಕ್ಕೆ ಅಲ್ಲ. ‘ಇ.ಸಿ.’ ಎಂದು ಬರೆದಿರುವ ಔಷಧಿಗಳಲ್ಲಿ ವಿಷವನ್ನು ಕರಗಿಸಿರುವುದು ಎಣ್ಣೆಯಂಥ ದ್ರಾವಕದಲ್ಲಿ. ಆ ದ್ರಾವಕ ಪ್ಲಾಸ್ಟಿಕ್ಕಿನ ಒಳಕ್ಕೆ ಇಳಿಯುತ್ತದೆ, ಕರಗಿದ ವಿಷವನ್ನೂ ಸ್ವಲ್ಪ ಎಳೆದುಕೊಂಡು ಹೋಗುತ್ತದೆ. ಅಂಗಡಿಯಲ್ಲಿ, ನಿಮ್ಮ ಸ್ಟೋರಿನಲ್ಲಿ ಅದು ತಿಂಗಳುಗಟ್ಟಲೆ ಕೂತಿರುತ್ತದೆ. ಉಪ್ಪಿನಕಾಯಿ ಹಾಕಿಟ್ಟ ಪ್ಲಾಸ್ಟಿಕ್ ಡಬ್ಬವನ್ನು ಎಷ್ಟು ಉಜ್ಜಿದರೂ ವಾಸನೆ ಹೋಗುವುದಿಲ್ಲ, ನಿಮಗೇ ಗೊತ್ತು. ಮೂರು ಸಲ ಕುಲುಕಿದ ನೀರು ಈ ಒಳಗಿನ ಭಾಗವನ್ನು ಮುಟ್ಟುವುದೇ ಇಲ್ಲ. ಅದರಲ್ಲಿ ನೀರನ್ನೋ, ಅದಕ್ಕಿಂತ ಕೆಟ್ಟದಾಗಿ ಎಣ್ಣೆ, ಜೇನು, ಕಳ್ಳನ್ನೋ ದಿನಗಟ್ಟಲೆ ತುಂಬಿಟ್ಟರೆ ಅದು ನಿಧಾನವಾಗಿ ಹೊರಗೆ ಬರುತ್ತದೆ. ಸೋಪು ಹಾಕಿದರೂ ಅಷ್ಟೇ. ಬೂದಿ ಹಾಕಿ ತಿಕ್ಕಿದರೂ ಅಷ್ಟೇ. ಬಿಸಿಲಲ್ಲಿ ಒಣಗಿಸಿದರೂ ಅಷ್ಟೇ. ‘ಮೂಗಿಗೆ ಹಿಡಿದು ನೋಡಿದೆ, ವಾಸನೆ ಇಲ್ಲ’ ಎನ್ನುವವರಿಗೆ ಇಷ್ಟೇ ಹೇಳುವೆ: ನಿಮ್ಮ ಮೂಗು ಹಿಡಿಯುವುದು ಜಾಸ್ತಿಯಾಗಿ ದ್ರಾವಕದ ವಾಸನೆಯನ್ನು. ವಿಷವನ್ನು ಅಳೆಯಲು ಅದಕ್ಕೆ ಬರುವುದಿಲ್ಲ.

ಹಾಗಾದರೆ ಮೂರು ಸಲ ತೊಳೆಯುವುದು ಯಾಕೆ? ಎರಡು ಕಾರಣ. ಒಂದು, ದುಡ್ಡು ಕೊಟ್ಟು ತಂದ ಔಷಧಿ ಪೂರ್ತಿ ಸ್ಪ್ರೇ ಟ್ಯಾಂಕಿಗೆ ಹೋಗಲಿ ಎಂದು. ಎರಡು, ಕ್ಯಾನನ್ನು ಮುಂದೆ ಸಾಗಿಸುವವರಿಗೆ, ಪುಡಿ ಮಾಡುವವರಿಗೆ ಅಪಾಯ ಕಡಿಮೆಯಾಗಲಿ ಎಂದು. ಅದರಲ್ಲಿ ಮತ್ತೆ ಏನಾದರೂ ತುಂಬಲಿ ಎನ್ನುವ ಕಾರಣ ಎಲ್ಲೂ ಇಲ್ಲ. ಅದಕ್ಕೇ ತೊಳೆದ ಕೂಡಲೇ ತಳಕ್ಕೆ ತೂತು ಹಾಕಬೇಕು ಎನ್ನುವುದು. ಈ ಕೊನೆಯ ಮಾತನ್ನು ಮಾತ್ರ ಎಲ್ಲರೂ ಜಾಣತನದಿಂದ ಮರೆಯುತ್ತಾರೆ.

ಇನ್ನೊಂದು ವಿಷಯ ನೀವು ಬರೆಯಲೇ ಇಲ್ಲ. ತೊಳೆದ ನೀರು ಎಲ್ಲಿಗೆ ಹೋಯಿತು? ಅದು ಸ್ಪ್ರೇ ಟ್ಯಾಂಕಿಗೇ ಹೋಗಬೇಕು. ತೋಡಿನ ಬದಿಯಲ್ಲಿ ಕೂತು ತೊಳೆದಿದ್ದರೆ ಆ 2 ಗ್ರಾಂ ಈಗ ತೋಡಿನಲ್ಲಿದೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದಲ್ಲಿ ಕ್ಲೋರ್‌ಪೈರಿಫಾಸ್‌ಗೆ ಇರುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಭಾಗಿಸಿ ನೋಡಿ. ಒಂದು ಕ್ಯಾನಿನ ತೊಳೆದ ನೀರು 66 ಸಾವಿರ ಲೀಟರನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ. ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಆಗಿದ್ದರೆ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ ಮಾತ್ರ. ಇದು ಮನುಷ್ಯರ ಲೆಕ್ಕ. ಕ್ಲೋರ್‌ಪೈರಿಫಾಸ್‌ಗೆ ಮೀನು ಇನ್ನೂ ಬೇಗ ಸಾಯುತ್ತದೆ. ಮಾದಾಪುರದ ತೋಡು ಹಾರಂಗಿಗೆ ಹೋಗುತ್ತದೆ, ಹಾರಂಗಿ ಕಾವೇರಿಗೆ. ಮುಂದಿನದನ್ನು ನಾನು ಹೇಳಬೇಕಾಗಿಲ್ಲ.

ಪುಸ್ತಕದ ಲೆಕ್ಕ ಬೇಡ, ನಡೆದದ್ದು ಹೇಳಿ ಎನ್ನುವವರಿಗೆ 2013ರ ಜುಲೈ 16 ನೆನಪಿಸುತ್ತೇನೆ. ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಇತ್ತು ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಕೀಟನಾಶಕ ಇದ್ದ ಡಬ್ಬದಲ್ಲಿ ಎಣ್ಣೆ ಇಟ್ಟಿದ್ದೇ ಕಾರಣ ಎಂಬ ಮಾತು ಆಗಲೇ ಕೇಳಿಬಂತು. ಅದು ತೊಳೆಯದ ಡಬ್ಬ ಇರಬಹುದು ಎನ್ನುತ್ತೀರಾ? ಇರಬಹುದು. ಆದರೆ ನಿಮ್ಮ ಕ್ಯಾನು ಲೈನ್ ಮನೆಗೆ ಹೋಗಿ, ಅಲ್ಲಿಂದ ಯಾರದೋ ನೆಂಟರ ಮನೆಗೆ ಹೋದ ಮೇಲೆ ಯಾವುದು ತೊಳೆದದ್ದು, ಯಾವುದು ತೊಳೆಯದ್ದು ಎಂದು ಹೇಳುವವರು ಯಾರು? ಲೇಬಲ್ಲಂತೂ ಅಷ್ಟು ಹೊತ್ತಿಗೆ ಕಿತ್ತುಹೋಗಿರುತ್ತದೆ.

ಇದೇ ಮಾತು ಆ ನೀಲಿ ಡ್ರಮ್ಮಿಗೂ. ರಸ್ತೆ ಬದಿ ಸಾಲಾಗಿ ನಿಲ್ಲಿಸಿ ಮಾರುವ 200 ಲೀಟರಿನ ಸೆಕೆಂಡ್‌ಹ್ಯಾಂಡ್ ಡ್ರಮ್ ಕೊಡಗಿನ ಎಷ್ಟೋ ಲೈನ್ ಮನೆಗಳ ಮುಂದೆ ಇದೆ. ಮೊದಲು ಅದರಲ್ಲಿ ಏನಿತ್ತು ಎಂದು ಮಾರುವವನಿಗೆ ಗೊತ್ತಿಲ್ಲ, ಕೊಳ್ಳುವವನು ಕೇಳುವುದಿಲ್ಲ. ಹಣ್ಣಿನ ರಸವೂ ಇದ್ದಿರಬಹುದು, ಆಸಿಡ್ ಕೂಡ ಇದ್ದಿರಬಹುದು. ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಕಲಸಲು ಬಳಸಿ, ಅಡ್ಡಿಯಿಲ್ಲ. ಕುಡಿಯುವ ನೀರಿಗೆ ಹೊಸ ಡ್ರಮ್ ತಂದುಕೊಡಿ. ಒಂದು ಮೂಟೆ ಕಾಫಿಯ ಬೆಲೆ ನೋಡಿದರೆ ಅದೇನು ದೊಡ್ಡ ಖರ್ಚಲ್ಲ.

ಇನ್ನು ಕಾನೂನು. ‘ಅಪಾಯಕಾರಿ ತ್ಯಾಜ್ಯ ಎಂದರೆ ಕಾರ್ಖಾನೆಯವರ ತಲೆನೋವು, ನಮಗೇನು’ ಎನ್ನುವವರು ಬಹಳ. 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳ ಮೊದಲ ಪಟ್ಟಿಯಲ್ಲಿ 33.1 ಎಂಬ ಸಾಲಿದೆ. ಅಪಾಯಕಾರಿ ರಾಸಾಯನಿಕ ತಾಗಿದ ಖಾಲಿ ಡ್ರಮ್ಮು, ಕ್ಯಾನು, ಒಳಚೀಲ ಎಲ್ಲ ಅದರಲ್ಲಿ ಬರುತ್ತದೆ. ಅದೇ ನಿಯಮದ ಪ್ರಕಾರ ಅಂಥ ತ್ಯಾಜ್ಯ ಯಾರ ಕೈಯಲ್ಲಿದೆಯೋ ಅವರೂ ಹೊಣೆಗಾರರು. ಅನುಮತಿ ಇರುವ ಘಟಕಕ್ಕೆ ಮಾತ್ರ ಕೊಡಬೇಕು. ಗುಜರಿಯವರ ಹತ್ತಿರ ಆ ಅನುಮತಿ ಇರುವುದಿಲ್ಲ. ಅವರಿಗೆ ಕೊಟ್ಟ ಪ್ಲಾಸ್ಟಿಕ್ ಪುಡಿಯಾಗಿ ಬಕೆಟ್ಟೋ ಮಗ್ಗೋ ಆಗಿ ನಿಮ್ಮ ಬಚ್ಚಲಿಗೇ ವಾಪಸ್ ಬರಬಹುದು. ನಾಲ್ಕು ಕ್ಯಾನಿಗಾಗಿ ಮಾಲಿನ್ಯ ನಿಯಂತ್ರಣ ಮಂಡಳಿಯವರು ನಿಮ್ಮ ಗೇಟಿಗೆ ಬರುವುದಿಲ್ಲ, ನಿಜ. ಅದು ಅವರ ಸಿಬ್ಬಂದಿ ಕೊರತೆ. ನಿಮಗೆ ಸಿಕ್ಕ ಪರವಾನಗಿ ಎಂದುಕೊಳ್ಳಬೇಡಿ.

ಸುಟ್ಟುಬಿಟ್ಟರೆ? ಬೇಡ. ಇಂಥದ್ದನ್ನು ಸುಡುವ ಘಟಕದ ಎರಡನೇ ಕೋಣೆಯಲ್ಲಿ ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಶಾಖ ಇರಬೇಕು, ಹೊಗೆ ಅಲ್ಲಿ ಕನಿಷ್ಠ 2 ಸೆಕೆಂಡ್ ನಿಲ್ಲಬೇಕು. ತರಗೆಲೆ ಗುಡ್ಡೆ ಹಾಕಿ ಹಚ್ಚಿದ ಬೆಂಕಿಯಲ್ಲಿ ಅದು ಆಗದ ಮಾತು. ನಮ್ಮಲ್ಲಿ ಮೈಲುತುತ್ತಿನ (ಅದು ತಾಮ್ರದ ಲವಣ) ಖಾಲಿ ಚೀಲವನ್ನೂ ಅದೇ ಬೆಂಕಿಗೆ ಹಾಕುತ್ತಾರೆ. ಕ್ಲೋರಿನ್ ಇರುವ ಹೊಗೆಯಲ್ಲಿ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟಲು ತಾಮ್ರ ಚೆನ್ನಾಗಿ ಸಹಾಯ ಮಾಡುತ್ತದೆ. ಹೂತರೆ? ‘ಕಾನೂನಿನಲ್ಲೇ ಇದೆ’ ಎಂದು ವಾದಿಸುವ ಓದುಗರಿದ್ದಾರೆ, ಅವರ ಓದಿಗೆ ಮೆಚ್ಚುಗೆ. 1971ರ ಕೀಟನಾಶಕ ನಿಯಮಗಳ 44ನೇ ನಿಯಮ ಖಾಲಿ ಡಬ್ಬವನ್ನು ಒಡೆದು, ಜನವಸತಿಯಿಂದ ದೂರ ಹೂಳಿ ಎನ್ನುತ್ತದೆ. ಆದರೆ ಅದೇ ನಿಯಮ ನೀರು ಕೆಡಬಾರದು ಎಂದೂ ಹೇಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ, ಇಳಿಜಾರು ನೆಲ, ಅಗೆದಲ್ಲೆಲ್ಲ ಜಿನುಗುವ ಒರತೆ. ಕೊಡಗಿನಲ್ಲಿ ಎರಡನ್ನೂ ಒಟ್ಟಿಗೆ ಪಾಲಿಸುವ ಜಾಗ ನಿಮ್ಮ ತೋಟದಲ್ಲಿದ್ದರೆ ನನಗೂ ತೋರಿಸಿ.

ಏನು ಮಾಡಬೇಕು ಎಂದರೆ, ಔಷಧಿ ಕಲಸುವಾಗಲೇ ಮೂರು ಸಲ ತೊಳೆಯಿರಿ, ನೀರನ್ನು ಟ್ಯಾಂಕಿಗೆ ಹಾಕಿ. ತಳಕ್ಕೆ ತೂತು ಹಾಕಿ. ಮುಚ್ಚಳ ಬೇರೆ ಮಾಡಿ. ಲೇಬಲ್ ಕೀಳಬೇಡಿ. ಬೀಗ ಇರುವ ಜಾಗದಲ್ಲಿ, ಗೊಬ್ಬರದಿಂದಲೂ ಕಾಫಿ ಚೀಲದಿಂದಲೂ ದೂರ ಇಡಿ. ಅಂಗಡಿಯವರಿಗೆ ವಾಪಸ್ ತಗೊಳ್ಳುತ್ತೀರಾ ಎಂದು ಕೇಳಿ. ಬ್ರ್ಯಾಂಡ್ ಮಾಲೀಕರು ತಮ್ಮ ಪ್ಲಾಸ್ಟಿಕ್ ಪ್ಯಾಕಿಂಗಿಗೆ ತಾವೇ ಹೊಣೆ ಎಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮ ಹೇಳುತ್ತದೆ. ಕ್ಯಾನು ಎತ್ತಿಕೊಂಡು ಹೋಗುವ ವ್ಯವಸ್ಥೆ ಮಾತ್ರ ಊರೂರಿಗೆ ಬಂದಿಲ್ಲ. ನನಗೆ ಸಿಟ್ಟಿರುವುದು ಇಲ್ಲಿ. ಔಷಧಿಯ ಲಾರಿ ಸೋಮವಾರಪೇಟೆಗೂ ಬರುತ್ತದೆ, ಪೊನ್ನಂಪೇಟೆಗೂ ಬರುತ್ತದೆ, ಹೋಗುವಾಗ ಖಾಲಿ ಹೋಗುತ್ತದೆ. ಅದರಲ್ಲೇ ಕ್ಯಾನುಗಳೂ ಹೋಗಬಹುದಲ್ಲ? ಬೆಳೆಗಾರರ ಸಂಘದ ಸಭೆಯಲ್ಲಿ ಬೆಂಬಲ ಬೆಲೆ, ಆನೆ ಹಾವಳಿಯ ಜೊತೆ ಇದನ್ನೂ ಒಂದು ಸಲ ಎತ್ತಿ. ಒಬ್ಬರ ನಾಲ್ಕು ಕ್ಯಾನಿಗೆ ಯಾರೂ ಬರುವುದಿಲ್ಲ. ಊರಿನ ನಾಲ್ಕು ನೂರಕ್ಕೆ ಬರುತ್ತಾರೆ.

ಈಗ ನೀವು ಕೇಳದ ಒಂದು ವಿಷಯ. ಖಾಲಿ ಕ್ಯಾನಿನ ಬಗ್ಗೆ ಇಷ್ಟು ಜನ ಬರೆಯುತ್ತಾರೆ, ತುಂಬಿದ ಕ್ಯಾನಿನ ಬಗ್ಗೆ ಯಾರೂ ಬರೆಯುವುದಿಲ್ಲ. ಹಳೇ ತೋಟದ ಸ್ಟೋರಿನ ಮೂಲೆಯಲ್ಲಿ ಏನೇನಿದೆ ಎಂದು ಟಾರ್ಚ್ ಹಿಡಿದು ನೋಡಿದ್ದೀರಾ? ಅಜ್ಜನ ಕಾಲದ ಬಿ.ಎಚ್.ಸಿ. ಎಂಬ ಕೀಟನಾಶಕದ ಪುಡಿ ಇರಬಹುದು. ಅದು ನಿಷೇಧವಾದದ್ದು 1997ರಲ್ಲಿ. ಕಾಂಡಕೊರಕಕ್ಕೆ ಗಿಡದ ಕಾಂಡಕ್ಕೆ ಬಳಿಯುತ್ತಿದ್ದ ಲಿಂಡೇನ್ ಇರಬಹುದು. ಅದರ ತಯಾರಿಕೆ 2011ರಲ್ಲಿ, ಬಳಕೆ 2013ರಲ್ಲಿ ನಿಂತಿತು. ಎಂಡೋಸಲ್ಫಾನ್ ಬಗ್ಗೆ ಪಕ್ಕದ ಕಾಸರಗೋಡನ್ನು, ದಕ್ಷಿಣ ಕನ್ನಡದ ಕೊಕ್ಕಡವನ್ನು ನೋಡಿದ ನಮಗೆ ಹೇಳಬೇಕಾಗಿಲ್ಲ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ಶುಂಠಿಗೆ, ಬಾಳೆಗೆ ಹಾಕಿ ಉಳಿದ ಫೋರೇಟ್ ಹರಳು ಇರಬಹುದು. ಅದು 2020ರ ಕೊನೆಗೆ ನಿಂತಿತು. ನಿಷೇಧ ಜಾರಿಯಾದಾಗ ಅಂಗಡಿಯಲ್ಲಿ ಮಾರಾಟ ನಿಲ್ಲುತ್ತದೆ. ನಿಮ್ಮ ಸ್ಟೋರಿನಲ್ಲಿರುವುದು ಮಾಯವಾಗುವುದಿಲ್ಲ. ಅವಧಿ ಮುಗಿದ ಕೀಟನಾಶಕವೂ ಅದೇ 2016ರ ಪಟ್ಟಿಯಲ್ಲಿದೆ, 29.3ನೇ ಸಾಲು.

2018ರ ಆಗಸ್ಟ್ ನೆನಪಿದೆಯಲ್ಲ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಬೆಟ್ಟವೇ ಜಾರಿತು. ಮನೆ, ತೋಟ, ರಸ್ತೆಯ ನಷ್ಟದ ಲೆಕ್ಕ ಆಯಿತು. ಸ್ಟೋರಿನಲ್ಲಿದ್ದ ಮದ್ದು ಎಲ್ಲಿಗೆ ಹೋಯಿತು ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ನಿಮ್ಮ ಸ್ಟೋರ್ ಇಳಿಜಾರಿನ ಅಂಚಿನಲ್ಲಿದ್ದರೆ, ತೋಡಿನ ಪಕ್ಕದಲ್ಲಿದ್ದರೆ, ಮುಂದಿನ ಮಳೆಗೆ ಮೊದಲು ಅದರಲ್ಲಿರುವುದನ್ನು ಗಟ್ಟಿ ನೆಲದ ಜಾಗಕ್ಕೆ ಸಾಗಿಸಿ.

ಹಳೇ ಸ್ಟಾಕನ್ನು ‘ಹೇಗೂ ಇದೆ, ಒಂದು ರೌಂಡ್ ಹೊಡೆದು ಮುಗಿಸೋಣ’ ಎನ್ನಬೇಡಿ. ಒಂದಕ್ಕೊಂದು ಸುರಿದು ಡಬ್ಬ ಕಡಿಮೆ ಮಾಡಲೂ ಹೋಗಬೇಡಿ. ಸೋರುವ ಡಬ್ಬವನ್ನು ದೊಡ್ಡ ಡ್ರಮ್ಮಿನೊಳಗೆ ಹಾಗೇ ಇಟ್ಟು ಮುಚ್ಚಿ. ಲೇಬಲ್ ಇಲ್ಲದ್ದನ್ನು ತೆರೆದು ಮೂಸಬೇಡಿ, ‘ಗೊತ್ತಿಲ್ಲ’ ಎಂದೇ ಬರೆದು ಅಂಟಿಸಿ. ಹೆಸರು, ಅಂದಾಜು ತೂಕ, ತಯಾರಾದ ವರ್ಷ, ಡಬ್ಬ ಸೋರುತ್ತಿದೆಯಾ ಇಲ್ಲವಾ, ಇಷ್ಟನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ, ಫೋಟೋ ಸಮೇತ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಪತ್ರ ಕೊಡಿ. ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಇಂಥದ್ದು ಕೊನೆಗೆ ಹೋಗಬೇಕಾದ ಜಾಗ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿರುವಂಥ ವಿಲೇವಾರಿ ಘಟಕ. ಹಾಗಂತ ಜೀಪಿನ ಹಿಂದೆ ಹಾಕಿಕೊಂಡು ನೀವೇ ಹೊರಡಬೇಡಿ. ಅದಕ್ಕೆ ಅನುಮತಿ ಇರುವ ವಾಹನ ಬೇಕು, 10ನೇ ನಮೂನೆಯ ಸಾಗಣೆ ಚೀಟಿ ಬೇಕು, ಅದೂ ಏಳು ಪ್ರತಿ.