ಉಳಿಯೋದು ಯಾವುದರಾಗ, ಮೊದಲು ಅದನ್ನ ನೋಡ್ರಿ

ಗದುಗಿನ ಪ್ರಿಂಟಿಂಗ್ ಪ್ರೆಸ್ ಮಾಲೀಕರೊಬ್ಬರು ಹೋದ ತಿಂಗಳು ಹುಬ್ಬಳ್ಳಿಯ ನನ್ನ ಕಚೇರಿಗೆ ಬಂದಿದ್ದರು. ಕೈಯಲ್ಲಿ ನಾಲ್ಕು ಬಣ್ಣದ ಆಫ್‌ಸೆಟ್ ಮಷೀನಿನ ಕೊಟೇಶನ್. ಬ್ಯಾಂಕಿಗೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡಬೇಕು, ಅದೂ ಎಂಟು ದಿನದೊಳಗೆ. ಇಷ್ಟು ಅವಸರ ಯಾಕೆ ಅಂದೆ.

“ಕೊಡಾಕ್ ಕಂಪನಿಗೆ ಆದಂಗ ನಮಗ ಆಗಬಾರದಲ್ರಿ ಸರ. ಅವರು ಹೊಸಾದಕ್ಕ ಹೋಗಲಿಲ್ಲ, ಮುಳುಗಿದ್ರು.”

ಈ ಮಾತನ್ನು ಗೋಕುಲ ರಸ್ತೆಯ ವರ್ಕ್‌ಶಾಪಿನವರಿಂದಲೂ ಕೇಳಿದ್ದೇನೆ, ದುರ್ಗದಬೈಲಿನ ಅಂಗಡಿಕಾರರಿಂದಲೂ ಕೇಳಿದ್ದೇನೆ. ಯಾರೋ ಭಾಷಣದಲ್ಲಿ ಅರ್ಧ ಕತೆ ಹೇಳಿರುತ್ತಾರೆ. ಆ ಅರ್ಧವನ್ನೇ ನಂಬಿ ಜನ ಸಾಲಕ್ಕೆ ಬರುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಫೋಟೋ ಫಿಲ್ಮಿನ ರೋಲ್ ಮಾರುತ್ತಿದ್ದ ಅಮೆರಿಕದ ಕೊಡಾಕ್‌ನವರಿಗೆ ಡಿಜಿಟಲ್ ಚೆನ್ನಾಗಿಯೇ ಗೊತ್ತಿತ್ತು. 1975ರಲ್ಲಿ ಅವರದೇ ಎಂಜಿನಿಯರ್ ಸ್ಟೀವನ್ ಸ್ಯಾಸನ್ ರೋಚೆಸ್ಟರಿನಲ್ಲಿ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ದರು. ಒಂದು ಕಪ್ಪು ಬಿಳುಪು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡ್ ಹಿಡಿಯುತ್ತಿತ್ತು. ಇವತ್ತಿನ ಬಹುತೇಕ ಮೊಬೈಲ್ ಕ್ಯಾಮೆರಾಗಳಲ್ಲಿ ಬಣ್ಣ ಹಿಡಿಯುವ ಫಿಲ್ಟರ್ ಇದೆಯಲ್ಲ, ಅದರ ಮೂಲ ವಿನ್ಯಾಸವೂ ಕೊಡಾಕ್‌ನ ಬ್ರೈಸ್ ಬೇಯರ್ ಅವರದು, 1976ರ ಪೇಟೆಂಟ್. 2005ರಲ್ಲಿ ಅಮೆರಿಕದ ಡಿಜಿಟಲ್ ಕ್ಯಾಮೆರಾ ಮಾರಾಟದಲ್ಲಿ ಕೊಡಾಕೇ ಮೊದಲು. ಇಷ್ಟೆಲ್ಲ ಇದ್ದೂ 2012ರ ಜನವರಿಯಲ್ಲಿ ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ಕೋರ್ಟಿಗೆ ಹೋದರು.

ಹೊಸದು ಕೈಯಲ್ಲೇ ಇತ್ತು ಅಂದಮೇಲೆ ಕೆಟ್ಟದ್ದು ಎಲ್ಲಿ? ನಮ್ಮ ಹಳೇ ಸ್ಟುಡಿಯೋಗಳನ್ನು ನೆನಪು ಮಾಡಿಕೊಳ್ಳಿ. ಕ್ಯಾಮೆರಾ ಒಮ್ಮೆ ಕೊಂಡರೆ ಹತ್ತು ವರ್ಷ. ರೋಲ್ ಮಾತ್ರ ಪ್ರತಿ ಜಾತ್ರೆಗೆ, ಪ್ರತಿ ಮದುವೆಗೆ ಬೇಕು. 36 ಫೋಟೋ ತೆಗೆದು ತೊಳೆಯಲು ಕೊಟ್ಟರೆ ಕೆಮಿಕಲ್ ಬೇಕು, ಪ್ರಿಂಟಿಗೆ ಕಾಗದ ಬೇಕು. ಹಳದಿ ಲಕೋಟೆಯಲ್ಲಿ ಕತ್ತರಿಸಿದ ನೆಗೆಟಿವ್ ಪಟ್ಟಿಗಳ ಜೊತೆ ಫೋಟೋ ಕೈಗೆ ಬರುವಷ್ಟರಲ್ಲಿ ಗಿರಾಕಿ ಮೂರು ಸಲ ದುಡ್ಡು ಕೊಟ್ಟಿರುತ್ತಿದ್ದ. ಕೊಡಾಕ್‌ಗೆ ಉಳಿಯುತ್ತಿದ್ದದ್ದು ಆ ಮೂರರಲ್ಲಿ. ಡಿಜಿಟಲ್ ಬಂದಮೇಲೆ ಆ ಮೂರೂ ಹೋದವು. ಕ್ಯಾಮೆರಾ ಎಷ್ಟು ಮಾರಿದರೂ ರೋಲಿನಲ್ಲಿ ಉಳಿಯುತ್ತಿದ್ದಷ್ಟು ಅದರಲ್ಲಿ ಉಳಿಯಲಿಲ್ಲ.

ಇದೊಂದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ನೀವು ಏನು ಮಾರುತ್ತೀರಿ ಅನ್ನುವುದು ಬೇರೆ, ನಿಮಗೆ ಯಾವುದರಲ್ಲಿ ಉಳಿಯುತ್ತದೆ ಅನ್ನುವುದು ಬೇರೆ. ಮೊಬೈಲ್ ಅಂಗಡಿಯ ಬೋರ್ಡಿನ ಮೇಲೆ ದೊಡ್ಡದಾಗಿ ಮೊಬೈಲ್ ಇರುತ್ತದೆ. ಬಾಡಿಗೆ ಹುಟ್ಟುವುದು ಎಷ್ಟೋ ಕಡೆ ಕವರು, ಗ್ಲಾಸು, ರಿಪೇರಿಯಿಂದ. ಮಾಲೀಕರನ್ನು ಕೇಳಿದರೆ ಬೋರ್ಡಿನ ಮೇಲಿದ್ದದ್ದನ್ನೇ ಹೇಳುತ್ತಾರೆ. ಸುಳ್ಳು ಹೇಳುವುದಿಲ್ಲ, ಬಿಡಿಸಿ ನೋಡಿರುವುದಿಲ್ಲ, ಅಷ್ಟೇ.

ಹಾವೇರಿ ಕಡೆಯ ಸ್ಟುಡಿಯೋದವರೊಬ್ಬರು ಹಿಂದೆ ಸಾಲ ಮಾಡಿ ಫೋಟೋ ಪ್ರಿಂಟ್ ಹಾಕುವ ಡಿಜಿಟಲ್ ಮಿನಿ ಲ್ಯಾಬ್ ತಂದರು. ಮಷೀನ್ ಹೊಸದು, ಆದರೆ ಉಳಿಯಬೇಕಾದದ್ದು ಮತ್ತೆ ಅದೇ ಪ್ರಿಂಟಿನಿಂದ. ಮೊಬೈಲ್ ಬಂತು, ಜನ ಪ್ರಿಂಟ್ ಹಾಕಿಸುವುದನ್ನೇ ಬಿಟ್ಟರು. ಕಂತು ನಿಲ್ಲಲಿಲ್ಲ. ಕಡೆಗೆ ಎರಡು ಎಕರೆ ಹೊಲ ಮಾರಿದರು. ಆ ರಿಪೋರ್ಟಿನ ಮೇಲೆ ನನ್ನ ಸಹಿ ಇತ್ತು. ಅವತ್ತಿನಿಂದ ಬಿಡಿಸಿದ ಲೆಕ್ಕ ನೋಡದೆ ಯಾರಿಗೂ ರಿಪೋರ್ಟ್ ಬರೆದುಕೊಡುವುದಿಲ್ಲ.

ಗದುಗಿನವರನ್ನೂ ಕೂರಿಸಿಕೊಂಡು ಎರಡು ವರ್ಷದ ಬಿಲ್ಲು ಹರವಿದೆ. ಅವರ ಪ್ರಕಾರ ಪ್ರೆಸ್ ನಡೆಯುವುದು ಲಗ್ನಪತ್ರಿಕೆಯಿಂದ. ಕಾಗದ, ಪ್ಲೇಟು, ಶಾಯಿ, ಆಳಿನ ಕೂಲಿ ಕಳೆಯುತ್ತ ಹೋದರೆ ಲಗ್ನಪತ್ರಿಕೆಯಲ್ಲಿ ಉಳಿದದ್ದು ಅತ್ಯಲ್ಪ. ಉಳಿದಿದ್ದು ಸೊಸೈಟಿಗಳ ರಸೀದಿ ಪುಸ್ತಕ, ವೋಚರು, ಖಾತೆ ಪುಸ್ತಕದಲ್ಲಿ. ಅದು ನಂಬರಿಂಗ್ ಮತ್ತು ಬೈಂಡಿಂಗ್ ಕೆಲಸ, ಬಣ್ಣವೇ ಬೇಡ. 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿದ ಜಿಲ್ಲೆ ಅದು, ಸೊಸೈಟಿಗಳಿಗೇನು ಕಡಿಮೆಯಿಲ್ಲ. ಆದರೆ 2022ರಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿದೆ. ಲೆಕ್ಕ ಕಂಪ್ಯೂಟರಿಗೆ ಹೋದರೆ ಹೋಗುವುದು ಆ ರಸೀದಿ ಪುಸ್ತಕ, ಖಾತೆ ಪುಸ್ತಕಗಳೇ. ಇವರ ರೋಲ್ ಅದೇ, ತೊಳೆಯುವ ಕೆಮಿಕಲ್ಲೂ ಅದೇ. ನಾಲ್ಕು ಬಣ್ಣದ ಮಷೀನ್ ಬಂದರೆ ಲಗ್ನಪತ್ರಿಕೆ ಚಂದ ಆಗುತ್ತದೆ, ರಸೀದಿ ಪುಸ್ತಕ ವಾಪಸ್ ಬರುವುದಿಲ್ಲ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಂಗಾರ ಏನ್ ಮಾಡೂದ್ರಿ?” ಅಂದರು.

ಅದನ್ನು ಹೇಳುವ ಅಧಿಕಾರ ನನಗಿಲ್ಲ. ಮಷೀನ್ ಕೊಳ್ಳಬೇಡಿ ಅಂತಲೂ ನಾನು ಹೇಳುತ್ತಿಲ್ಲ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೊಂದುವುದಿಲ್ಲ. ಫೂಜಿಫಿಲ್ಮ್ ಕತೆ ಮಾತ್ರ ಹೇಳಿದೆ. ಅವರದೂ ರೋಲಿನ ವ್ಯಾಪಾರವೇ, ಅವರಿಗೂ ಅದೇ ಹೊಡೆತ. ಫಿಲ್ಮ್ ಮಾಡುತ್ತ ಕಲಿತ ರಸಾಯನ ವಿದ್ಯೆಯನ್ನು ಅವರು ಎಲ್‌ಸಿಡಿ ಪರದೆಗೆ ಬೇಕಾದ ಫಿಲ್ಮಿಗೆ, ಔಷಧಕ್ಕೆ, ಮುಖಕ್ಕೆ ಹಚ್ಚುವ ಕ್ರೀಮಿಗೆ ಒಯ್ದರು. ಫೋಟೋ ಫಿಲ್ಮಿಗೆ ಬಳಸುವ ಜೆಲಾಟಿನ್ ಆಗುವುದು ಕೊಲಾಜೆನ್ ಅನ್ನುವ ಪ್ರೋಟೀನಿನಿಂದ, ಅದು ಚರ್ಮದಲ್ಲೂ ಇರುತ್ತದೆ. ನಿಮ್ಮ ಆಳುಗಳ ಕೈಗೆ ಬೇರೆಯವರಿಗೆ ಬರದ ಯಾವ ಕೆಲಸ ಬರುತ್ತದೆ ಎಂದು ಕೇಳಿದೆ. “ಕಟಿಂಗು, ಮಡಿಕಿ, ಅಂಟು. ನಮ್ಮ ಬೈಂಡರ್ ಕಾಕಾ ಮಡಚಿದ್ದು ಕೂದಲೆಳಿ ಆಚೀಚಿ ಆಗಂಗಿಲ್ರಿ” ಅಂದರು. ಅಂದಾಗ ಮುಖ ಅರಳಿತ್ತು.

ಮೊನ್ನೆ ಫೋನ್ ಮಾಡಿದ್ದರು. ಬ್ಯಾಡಗಿಯಲ್ಲಿ ಖಾರಪುಡಿ ಪ್ಯಾಕ್ ಮಾಡುವವರೊಬ್ಬರು ಐನೂರು ಡಬ್ಬಿ ಮಾಡಿಕೊಡಲು ಹೇಳಿದ್ದಾರಂತೆ. ರಟ್ಟನ್ನು ಡಬ್ಬಿಯ ಆಕಾರಕ್ಕೆ ಕತ್ತರಿಸುವ ಡೈ ಪಂಚಿಂಗ್ ಹುಬ್ಬಳ್ಳಿಯಲ್ಲಿ ಜಾಬ್ ವರ್ಕಿಗೆ ಕೊಟ್ಟು, ಮಡಚಿ ಅಂಟಿಸುವುದನ್ನು ಕಾಕಾನ ಕೈಲಿ ಮಾಡಿಸಿದ್ದಾರೆ. “ಡಬ್ಬಿಗೆ ಎಷ್ಟ್ ಉಳೀತು ಅಂತ ಬ್ಯಾರೆ ಹಾಳಿ ಮ್ಯಾಲೆ ಬರದೇನ್ರಿ ಸರ, ತಗೊಂಡ್ ಬರ್ತೀನಿ” ಅಂದರು. ಕೊಟೇಶನ್ ಇನ್ನೂ ನನ್ನ ಟೇಬಲ್ ಮೇಲೇ ಇದೆ.