500 ಮೇಲ್‌ಬಾಕ್ಸ್‌ಗೆ ಗೇಟ್‌ವೇ ವಿಎಂ ಎಷ್ಟು ದೊಡ್ಡದಿರಬೇಕು?

ಪ್ರಶ್ನೆ: ಪೋಸ್ಟ್‌ಫಿಕ್ಸ್ (ಮೇಲ್ ಸರ್ವರ್), ಅಮಾವಿಸ್ (ಮೇಲನ್ನು ಸ್ಕ್ಯಾನರ್‌ಗಳಿಗೆ ಕೊಡುವ ಪ್ರೋಗ್ರಾಂ), ಸ್ಪ್ಯಾಮ್‌ಅಸಾಸಿನ್ (ಸ್ಪ್ಯಾಮ್ ಹಿಡಿಯುವುದು), ಕ್ಲ್ಯಾಮ್‌ಎವಿ (ವೈರಸ್ ಹಿಡಿಯುವುದು) ಹಾಕಿ, ಬರುವ ಮೇಲನ್ನು ತಪಾಸಿಸಿ ಒಳಗಿನ ಸರ್ವರ್‌ಗೆ ಕಳಿಸುವ ಇಮೇಲ್ ಸೆಕ್ಯೂರಿಟಿ ಗೇಟ್‌ವೇ ಕಟ್ಟುತ್ತಿದ್ದೇವೆ. 500 ಮೇಲ್‌ಬಾಕ್ಸ್ ಇವೆ. ವಿಎಂಗೆ (ವರ್ಚುವಲ್ ಮೆಷಿನ್) ಎಷ್ಟು ಸಿಪಿಯು, ಎಷ್ಟು ರ್‍ಯಾಮ್ ಕೊಡಬೇಕು?

ಮೇಲ್‌ಬಾಕ್ಸ್ ಲೆಕ್ಕ ಸದ್ಯಕ್ಕೆ ಬಿಡಿ. 500 ಜನರಿಗೆ ಬರುವ ಮೇಲ್ ಒಂದೊಂದು ಕಚೇರಿಯಲ್ಲಿ ಒಂದೊಂದು ಥರ. ಬೇಕಾಗಿರುವುದು ಎರಡೇ ಅಂಕಿ: ಅತಿ ಹೆಚ್ಚು ಮೇಲ್ ಬರುವ ಗಂಟೆಯಲ್ಲಿ ಎಷ್ಟು ಬರುತ್ತವೆ, ಒಂದು ಮೇಲ್ ಸ್ಕ್ಯಾನ್ ಆಗಲು ಎಷ್ಟು ಹೊತ್ತು ಬೇಕು. ಈಗಿನ ಪೋಸ್ಟ್‌ಫಿಕ್ಸ್ ಲಾಗನ್ನು ಪಿಎಫ್‌ಲಾಗ್‌ಸಮ್ ಎಂಬ ಲಾಗ್ ಸಾರಾಂಶ ಟೂಲ್‌ಗೆ ಕೊಟ್ಟರೆ ಮೊದಲನೆಯದು ಗಂಟೆವಾರು ಸಿಗುತ್ತದೆ. ಎರಡನೆಯದು ಅಮಾವಿಸ್ ಲಾಗಿನಲ್ಲೇ ಇದೆ. ಮೇಲ್ ಪಾಸಾದ ಸಾಲಿನ ಕೊನೆಯಲ್ಲಿ ಮಿಲಿಸೆಕೆಂಡ್ ಬರೆದಿರುತ್ತದೆ, ನೋಡಿ.

ಸೋಮವಾರ ಬೆಳಿಗ್ಗೆ ಒಂದು ಗಂಟೆಯಲ್ಲಿ 7,200 ಮೇಲ್ ಬಂತು ಅಂದುಕೊಳ್ಳೋಣ. ಸೆಕೆಂಡಿಗೆ 2 ಆಯಿತು. ಒಂದಕ್ಕೆ 3 ಸೆಕೆಂಡ್ ಹಿಡಿದರೆ ಯಾವ ಕ್ಷಣದಲ್ಲಿ ನೋಡಿದರೂ 6 ಮೇಲ್ ಸ್ಕ್ಯಾನ್ ಆಗುತ್ತಿರುತ್ತವೆ. ಮೇಲ್ ಒಂದೇ ಸಮನೆ ಬರುವುದಿಲ್ಲ ಅಲ್ವಾ? ಅದಕ್ಕೇ 10 ವರ್ಕರ್ (ಒಂದು ಸಲಕ್ಕೆ ಒಂದು ಮೇಲ್ ಸ್ಕ್ಯಾನ್ ಮಾಡಿಸುವ ಅಮಾವಿಸ್ ಪ್ರಕ್ರಿಯೆ) ಇಡಿ. ಆ 3 ಸೆಕೆಂಡಿನಲ್ಲಿ ಬಹುಪಾಲು ಡಿಎನ್‌ಎಸ್ ಉತ್ತರಕ್ಕೆ (ಕಳಿಸಿದವರು ಸ್ಪ್ಯಾಮ್ ಪಟ್ಟಿಯಲ್ಲಿದ್ದಾರಾ ಅಂತ ಸ್ಪ್ಯಾಮ್‌ಅಸಾಸಿನ್ ಕೇಳುವುದಕ್ಕೆ) ಕಾಯುವುದೇ. ಸಿಪಿಯು ಕೆಲಸ 1 ಸೆಕೆಂಡ್ ಅಂತ ಹಿಡಿದರೆ 2 ಕೋರ್ ಪೂರ್ತಿ ಬೇಕು. 4 ವಿಸಿಪಿಯು (ವಿಎಂಗೆ ಕೊಡುವ ಕೋರ್) ಕೊಟ್ಟರೆ ಧಾರಾಳ. ಸುಮ್ನೆ 16 ಕೊಡಬೇಡಿ. ವಿಎಂ ಒಳಗೇ ಅನ್‌ಬೌಂಡ್ ಎಂಬ ಡಿಎನ್‌ಎಸ್ ಸರ್ವರ್ ಹಾಕಿ ಡಿಎನ್‌ಎಸ್ ಉತ್ತರಗಳನ್ನು ಕ್ಯಾಶ್ ಮಾಡಿದರೆ ಸಿಗುವ ವೇಗ ಕೋರ್ ಜಾಸ್ತಿ ಮಾಡಿದರೆ ಸಿಗುವುದಿಲ್ಲ.

ಜನ ಸಿಕ್ಕಿಬೀಳುವುದು ರ್‍ಯಾಮ್‌ನಲ್ಲಿ. ಕ್ಲ್ಯಾಮ್‌ಎವಿ ತನ್ನ ಸಹಿಗಳನ್ನೆಲ್ಲ (ವೈರಸ್ ಗುರುತುಗಳನ್ನು) ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಅದಕ್ಕೇ 1 ಜಿಬಿಗಿಂತ ಜಾಸ್ತಿ ಹೋಗುತ್ತದೆ. ಹೊಸ ಸಹಿ ಬಂದಾಗ ಹಳೆಯದನ್ನು ಇಳಿಸುವ ಮುಂಚೆ ಹೊಸದನ್ನು ಲೋಡ್ ಮಾಡುತ್ತದೆ. ಅಷ್ಟು ಹೊತ್ತು ಬಳಕೆ ದುಪ್ಪಟ್ಟು. ಕೊಟ್ಟ ರ್‍ಯಾಮ್ ಮಾಮೂಲಿ ದಿನಕ್ಕೆ ಸರಿಯಾಗಿದ್ದರೂ ಆ ಒಂದೆರಡು ನಿಮಿಷದಲ್ಲಿ ಮೆಮೊರಿ ಸಾಲದೆ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬಂದು ಕ್ಲ್ಯಾಮ್‌ಡಿಯನ್ನು (ಕ್ಲ್ಯಾಮ್‌ಎವಿಯ ಸದಾ ಓಡುವ ಪ್ರಕ್ರಿಯೆ) ಕೊಲ್ಲಬಹುದು. ಆಮೇಲಿನ ಕಥೆ ಇನ್ನೂ ಕೆಟ್ಟದ್ದು. ಅಮಾವಿಸ್‌ನಲ್ಲಿ ಬ್ಯಾಕಪ್ ಆಗಿ ಕ್ಲ್ಯಾಮ್‌ಸ್ಕ್ಯಾನ್ (ಪ್ರತಿ ಸಲ ಹೊಸದಾಗಿ ಶುರುವಾಗುವ ಕ್ಲ್ಯಾಮ್‌ಎವಿ ಸ್ಕ್ಯಾನರ್) ಇದ್ದರೆ, ಅದು ಪ್ರತಿ ಮೇಲ್‌ಗೂ ಪೂರ್ತಿ ಸಹಿಗಳನ್ನು ಮತ್ತೆ ಲೋಡ್ ಮಾಡುತ್ತದೆ. 10 ವರ್ಕರ್ ಒಟ್ಟಿಗೆ ಅದನ್ನೇ ಮಾಡಿದರೆ ವಿಎಂ ಅಲ್ಲೇ ನಿಂತಂತೆ. ಹಾಗಾಗಿ ಕ್ಲ್ಯಾಮ್‌ಎವಿಗೇ 3 ಜಿಬಿ ಎತ್ತಿಡಿ. ಪರ್ಲ್ ಭಾಷೆಯಲ್ಲಿ ಬರೆದ ಅಮಾವಿಸ್ ವರ್ಕರ್ ಒಂದಕ್ಕೆ 150 ಎಂಬಿ ಅಂದರೂ 1.5 ಜಿಬಿ, ಉಳಿದದ್ದಕ್ಕೆ 1 ಜಿಬಿ. ಇಷ್ಟಾದರೆ 8 ಜಿಬಿ ನ್ಯಾಯವಾದ ಅಳತೆ. ಇದನ್ನು ಹೋಸ್ಟಿನಲ್ಲಿ (ವಿಎಂ ಓಡುವ ಭೌತಿಕ ಯಂತ್ರದಲ್ಲಿ) ರಿಸರ್ವ್ ಮಾಡಿಸಿ.

ಡಿಸ್ಕ್ ಎಸ್‌ಎಸ್‌ಡಿ ಇರಲಿ, ಯಾಕಂದರೆ ಪೋಸ್ಟ್‌ಫಿಕ್ಸ್ ಪ್ರತಿ ಮೇಲನ್ನೂ ಡಿಸ್ಕಿಗೆ ಬರೆದ ಮೇಲೇ ಸ್ವೀಕರಿಸಿದೆ ಅನ್ನುತ್ತದೆ. ಒಳಗಿನ ಮೇಲ್ ಸರ್ವರ್ ಬಿದ್ದರೆ ಪೋಸ್ಟ್‌ಫಿಕ್ಸ್‌ನ ಕ್ಯೂ (ಕಾಯುವ ಸಾಲು) ಡಿಫಾಲ್ಟ್ ಆಗಿ 5 ದಿನ ಮೇಲ್ ಹಿಡಿದಿಟ್ಟುಕೊಳ್ಳುತ್ತದೆ. ಅಷ್ಟಕ್ಕೆ ಜಾಗ ಬಿಡಿ. ಅಟ್ಯಾಚ್‌ಮೆಂಟ್ ಮೇಲ್‌ನಲ್ಲಿ ಮೂರನೇ ಒಂದು ಭಾಗದಷ್ಟು ಊದಿಕೊಳ್ಳುತ್ತದೆ, ಅದೂ ಲೆಕ್ಕದಲ್ಲಿರಲಿ.

ನನ್ನ ಕೇಳಿದರೆ ಇಂಥ ವಿಎಂ ಎರಡು ಮಾಡಿ, ಬೇರೆ ಬೇರೆ ಹೋಸ್ಟಿನಲ್ಲಿ. ಒಂದು ಬಿದ್ದಾಗ ಇನ್ನೊಂದು ಒಂಟಿಯಾಗಿ ಪೂರ್ತಿ ಹೊರೆ ಹೊರಬೇಕು. ಅದಕ್ಕೇ ಅಳತೆಯನ್ನು ಅರ್ಧ ಮಾಡಿ ಹಂಚಬೇಡಿ.

ಚಾಲೂ ಆದ ಮೇಲೆ ಪೋಸ್ಟ್‌ಫಿಕ್ಸ್ ಲಾಗಿನಲ್ಲಿ ಡಿಲೇಸ್ ಅಂತ ನಾಲ್ಕು ಅಂಕಿ ಬರುತ್ತವೆ. ಅಮಾವಿಸ್‌ಗೆ ಹೋಗುವ ಸಾಲುಗಳಲ್ಲಿ ಎರಡನೆಯದು ಏರುತ್ತಾ ಹೋದರೆ ಮೇಲ್ ಸರದಿಯಲ್ಲಿ ಕಾಯುತ್ತಿದೆ ಅಂತ. ಆಗ ವರ್ಕರ್ ಹೆಚ್ಚಿಸಿ, ಜೊತೆಗೆ ಅವಕ್ಕೆ ತಕ್ಕ ರ್‍ಯಾಮ್ ಕೂಡ. ನಾಲ್ಕನೆಯದು ಮಾತ್ರ ಏರುತ್ತಿದ್ದರೆ ಸ್ಕ್ಯಾನ್ ನಿಧಾನವಾಗಿದೆ. ಮೊದಲು ಡಿಎನ್‌ಎಸ್ ನೋಡಿ, ಆಮೇಲೆ ಸಿಪಿಯು.