‘ಬೌಲ್’ ಎಂದರೆ ಮೈದಾನದ ಬಟ್ಟಲು

ಅಮೆರಿಕದ ಕಾಲೇಜು ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ) ಸುದ್ದಿ ಕನ್ನಡಕ್ಕೆ ಇಳಿಯುವಾಗ ಆಗುವ ಎಡವಟ್ಟು ಹೆಚ್ಚಾಗಿ ಒಂದೇ. ಅಲ್ಲಿ ‘ಬೌಲ್’ ಎಂದರೆ ಸೀಸನ್ ಕೊನೆಯ ವಿಶೇಷ ಪಂದ್ಯ, ನಮ್ಮಲ್ಲಿ ಅದು ಕಪ್ ಆಗಿಬಿಡುತ್ತದೆ. ಒಂದು ತಂಡ ‘ರೋಸ್ ಬೌಲ್ ಕಪ್ ಎತ್ತಿತು’, ಇನ್ನೊಂದು ‘ಬೌಲ್ ಗೆದ್ದು ಚಾಂಪಿಯನ್ ಆಯಿತು’. ‘ಈ ಸಲ ಕಪ್ ನಮ್ದೇ’ ಎಂದು ವರ್ಷಗಟ್ಟಲೆ ಜಪಿಸಿದ ನಮಗೆ ಬಟ್ಟಲು ಅಂದಕೂಡಲೇ ಟ್ರೋಫಿ ಕಾಣುವುದು ಸಹಜ. ಆದರೆ ಕಪ್ ಬಹುಮಾನದಿಂದ ಹುಟ್ಟಿದ ಹೆಸರು, ಬೌಲ್ ಮೈದಾನದಿಂದ ಹುಟ್ಟಿದ್ದು.

ಬೌಲಿಂಗಿಗೂ ಇದಕ್ಕೂ ನಂಟಿಲ್ಲ. ಇಂಗ್ಲಿಷಿನಲ್ಲಿ ಒಂದೇ ಕಾಗುಣಿತದ ಎರಡು ‘ಬೌಲ್’ ಇವೆ. ಕ್ರಿಕೆಟ್‌ನ ಬೌಲ್ ಬಂದದ್ದು ಫ್ರೆಂಚಿನ ‘ಬೂಲ್’, ಅಂದರೆ ಚೆಂಡು, ಎಂಬುದರಿಂದ. ಅದರ ಹಿಂದೆ ಲ್ಯಾಟಿನ್ನಿನ ‘ಬುಲ್ಲಾ’, ಗುಳ್ಳೆ. ಪಾತ್ರೆಯ ಬೌಲ್ ಹಳೆಯ ಇಂಗ್ಲಿಷಿನ ‘ಬೊಲ್ಲ’. ಫುಟ್‌ಬಾಲಿನದು ಈ ಎರಡನೆಯದು.

ಪಾತ್ರೆ ಮೈದಾನವಾದದ್ದು 1914ರಲ್ಲಿ, ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ. ಯೇಲ್ ವಿಶ್ವವಿದ್ಯಾಲಯದವರು ನೆಲ ಅಗೆದು, ಅಗೆದ ಮಣ್ಣನ್ನೇ ಸುತ್ತಲೂ ಕೆರೆ ಏರಿಯಂತೆ ಪೇರಿಸಿ, ಒಳಮೈಗೆ ಆಸನ ಹಾಸಿದರು. ಆಟ ತಳದಲ್ಲಿ, ಜನ ಅಂಚಿನ ತನಕ. ನೋಡಲು ಥೇಟ್ ಬೋಗುಣಿ. ಹೆಸರು ಯೇಲ್ ಬೌಲ್. ಮೊದಲ ಪಂದ್ಯದಲ್ಲೇ ಹಾರ್ವರ್ಡ್ ಬಂದು 36–0 ಬಡಿದು ಹೋಯಿತು.

ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ಹೊಸವರ್ಷದ ಗುಲಾಬಿ ಉತ್ಸವದ ಜೊತೆ ಫುಟ್‌ಬಾಲ್ ಪಂದ್ಯ ಮೊದಲು ನಡೆದದ್ದು 1902ರಲ್ಲಿ. ಮಿಶಿಗನ್ 49, ಸ್ಟ್ಯಾನ್‌ಫರ್ಡ್ ಸೊನ್ನೆ. ಸ್ಟ್ಯಾನ್‌ಫರ್ಡ್ ಆಟ ಮುಗಿಯುವ ಮೊದಲೇ ಕೈಚೆಲ್ಲಿತು. ಬೇಸತ್ತ ಸಂಘಟಕರು ಮುಂದೆ ಪೋಲೊ, ರಥದೋಟ ಇತ್ಯಾದಿ ಇಟ್ಟರು. ಫುಟ್‌ಬಾಲ್ ಮರಳಿದ್ದು 1916ರಲ್ಲಿ. ಅಲ್ಲಿಯ ತನಕವೂ ಅದಕ್ಕೆ ಬೌಲ್ ಎಂಬ ಹೆಸರಿರಲಿಲ್ಲ. 1922ರಲ್ಲಿ ಯೇಲ್ ಮಾದರಿಯ ಕ್ರೀಡಾಂಗಣ ಎದ್ದು ರೋಸ್ ಬೌಲ್ ಅನ್ನಿಸಿಕೊಂಡಿತು, ಪಂದ್ಯವೂ ಅದೇ ಹೆಸರು ತೊಟ್ಟಿತು. ತಮಾಷೆಯೆಂದರೆ ಆಗ ಅದು ಪೂರ್ತಿ ಬಟ್ಟಲೇ ಅಲ್ಲ, ದಕ್ಷಿಣ ದಿಕ್ಕು ತೆರೆದಿದ್ದ ಕುದುರೆಲಾಳ. ಆ ಬಾಯಿ ಮುಚ್ಚಿದ್ದು 1928ರಲ್ಲಿ.

ಅರ್ಥ ಜಾರಿದ್ದು ಇದಾದ ಮೇಲೆ. ಬೇರೆ ಊರುಗಳು ಪಾಸಡೀನಾದ ಗದ್ದಲ ನೋಡಿ ಪಂದ್ಯವನ್ನೂ ಹೆಸರನ್ನೂ ಎತ್ತಿಕೊಂಡವು: 1935ರಲ್ಲಿ ಮಯಾಮಿಯ ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸ್‌ನ ಶುಗರ್ ಬೌಲ್, 1937ರಲ್ಲಿ ಡಲಾಸ್‌ನ ಕಾಟನ್ ಬೌಲ್. ಶುಗರ್ ಬೌಲ್ ನಡೆದದ್ದು ಟುಲೇನ್ ಸ್ಟೇಡಿಯಮ್‌ನಲ್ಲಿ. ಅಂದರೆ ಮೈದಾನದ ಹೆಸರು ಬೇರೆ, ಪಂದ್ಯ ಮಾತ್ರ ಬೌಲ್. ಇವತ್ತು ಕಾಟನ್ ಬೌಲ್ ಪಂದ್ಯ ಆರ್ಲಿಂಗ್ಟನ್‌ನಲ್ಲಿ ನಡೆಯುತ್ತದೆ, ಕಾಟನ್ ಬೌಲ್ ಕ್ರೀಡಾಂಗಣ ಡಲಾಸ್‌ನಲ್ಲೇ ಉಳಿದಿದೆ. ಸೂಪರ್ ಬೌಲ್ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಫೈನಲ್. ಹೆಸರನ್ನು ಕಾಲೇಜಿನಿಂದ ಕಡ ತಂದದ್ದು, ಅಷ್ಟೆ. ದಯವಿಟ್ಟು ಎರಡನ್ನೂ ಕಲಸಬೇಡಿ.

ಕಾಲೇಜು ಬೌಲ್ ಮೂಲತಃ ಆಹ್ವಾನದ ಪಂದ್ಯ. ಮೇಲಿನ ಸ್ತರದ, ಅಂದರೆ ಎಫ್‌ಬಿಎಸ್ ತಂಡಕ್ಕೆ ಸಾಮಾನ್ಯವಾಗಿ 12 ಪಂದ್ಯ, ಅದರಲ್ಲಿ 6 ಗೆದ್ದರೆ ‘ಬೌಲ್ ಅರ್ಹತೆ’. ಕೆಳಸ್ತರದ ಎಫ್‌ಸಿಎಸ್ ತಂಡಗಳ ಮೇಲಿನ ಗೆಲುವುಗಳಲ್ಲಿ ಲೆಕ್ಕಕ್ಕೆ ಬರುವುದು ಒಂದೇ. ಹಾಗಾಗಿ ಪಟ್ಟಿಯಲ್ಲಿ 6–6 (6 ಗೆಲುವು, 6 ಸೋಲು) ಕಂಡರೂ ಎದುರಾಳಿ ಯಾರೆಂದು ನೋಡಿಯೇ ಬರೆಯಬೇಕು. ಇನ್ನು ಬೌಲ್‌ಗಳ ಸಂಖ್ಯೆ ಹೆಚ್ಚಿ ಅರ್ಹ ತಂಡಗಳು ಸಾಲದಿದ್ದಾಗ ಆಟಗಾರರ ಓದಿನ ಅಂಕ ನೋಡಿ 5–7 ತಂಡಗಳನ್ನೂ ಕರೆಯುತ್ತಾರೆ. 2015ರ ಸೀಸನ್‌ನಲ್ಲಿ ಹಾಗೆ ಹೋದ ನೆಬ್ರಾಸ್ಕಾ, ಮಿನಸೋಟಾ, ಸ್ಯಾನ್ ಹೋಸೆ ಸ್ಟೇಟ್ ಮೂರೂ ಗೆದ್ದವು. ‘ಬೌಲ್ ಗೆದ್ದ ಚಾಂಪಿಯನ್’ ಎನ್ನುವವರು ಈ ಮೂರರಲ್ಲಿ ಯಾರಿಗೆ ಪಟ್ಟ ಕಟ್ಟುತ್ತಾರೋ!

ಗೊಂದಲ ಹೆಚ್ಚಿಸಿದ್ದು ಪ್ಲೇಆಫ್, ಅಂದರೆ ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ನಾಕೌಟ್ ಸುತ್ತುಗಳು. 2024ರಿಂದ ಅದರಲ್ಲಿ 12 ತಂಡ. ಮೊದಲ ಸುತ್ತು ಆತಿಥೇಯ ತಂಡದ ಅಂಗಳದಲ್ಲಿ, ಅದು ಬೌಲ್ ಅಲ್ಲ. ಕ್ವಾರ್ಟರ್‌ಫೈನಲ್, ಸೆಮಿಫೈನಲ್‌ಗಳು ಬೌಲ್‌ಗಳು. ಫೈನಲ್ ಮತ್ತೆ ಬೌಲ್ ಅಲ್ಲ. ಆ ವರ್ಷದ ಒಹಾಯೊ ಸ್ಟೇಟ್ ತಂಡವನ್ನೇ ನೋಡಿ: 12ರಲ್ಲಿ 10 ಗೆಲುವು, ಆರೆಗನ್ ಮತ್ತು ಮಿಶಿಗನ್ ಎದುರು ಸೋಲು. ಆಮೇಲೆ ಕೊಲಂಬಸ್‌ನ ತನ್ನ ಅಂಗಳದಲ್ಲಿ ಟೆನಸಿಯನ್ನು 42–17, ರೋಸ್ ಬೌಲ್‌ನಲ್ಲಿ ಆರೆಗನ್ನನ್ನು 41–21, ಕಾಟನ್ ಬೌಲ್‌ನಲ್ಲಿ ಟೆಕ್ಸಸ್ ಅನ್ನು 28–14, ಅಟ್ಲಾಂಟಾದ ಫೈನಲ್‌ನಲ್ಲಿ ನೋಟರ್ ಡೇಮ್ ಅನ್ನು 34–23 ಅಂತರದಲ್ಲಿ ಮಣಿಸಿತು. ಆಡಿದ್ದು 16 ಪಂದ್ಯ, ಬೌಲ್ ಎರಡೇ.

ಪ್ಲೇಆಫ್‌ನ ಹೊರಗಿನ ಬೌಲ್‌ಗಳು ಹಬ್ಬದ ಪಂದ್ಯಗಳು. ಡ್ಯೂಕ್ಸ್ ಮೇಯೋ ಬೌಲ್‌ನಲ್ಲಿ ಗೆದ್ದ ಕೋಚ್ ತಲೆಗೆ ಮೇಯನೇಸ್ ಸುರಿಯುತ್ತಾರೆ. ಮುಂದೆ ಎನ್‌ಎಫ್‌ಎಲ್‌ಗೆ ಹೋಗಲಿರುವವರು ಗಾಯದ ಭಯಕ್ಕೆ ಇಂಥವನ್ನು ಆಡದೇ ಬಿಡುವುದೂ ಉಂಟು. 2016ರ ಸೀಸನ್‌ನಲ್ಲಿ ಕ್ರಿಶ್ಚಿಯನ್ ಮೆಕ್ಯಾಫ್ರಿ, ಲೆನರ್ಡ್ ಫೋರ್ನೆಟ್ ಹೀಗೆ ಹೊರಗುಳಿದಾಗ ದೊಡ್ಡ ಗಲಾಟೆಯಾಗಿತ್ತು.

ಕೊನೆಗೆ ಇಸವಿ. ಸೀಸನ್ ಆಗಸ್ಟ್ ಕೊನೆಗೆ ಶುರು, ದೊಡ್ಡ ಬೌಲ್‌ಗಳು ಹೊಸವರ್ಷದ ಆಸುಪಾಸು. ಮೇಲೆ ಹೇಳಿದ ರೋಸ್ ಬೌಲ್ ನಡೆದದ್ದು 2025ರ ಜನವರಿ 1ರಂದು, ಅದು ‘2025ರ ರೋಸ್ ಬೌಲ್’. ಸೀಸನ್ ಮಾತ್ರ 2024ರದ್ದು. ಎರಡು ಇಸವಿ ಕಂಡಾಗ ಒಂದನ್ನು ‘ತಿದ್ದಲು’ ಹೋಗಬೇಡಿ.